ಬೇಡ್ತಿ ಕಣಿವೆಯ ಬೀಕನ್ ಕೆಟ್ಟಿರಲಿಲ್ಲ

ಆ ಪೆಟ್ಟಿಗೆ ಕೆಟ್ಟಿತ್ತು ಎಂದು ಶಿರಸಿಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಕೆಟ್ಟಿರಲಿಲ್ಲ. ಅದನ್ನು ಆರಿಸಿದವಳು ನಾನು. ಸೋಪು ಹಚ್ಚಿ, ನೀರಿಗೆ ಹಾಕಿ, ಕೈ ಕಟ್ಟಿಸಿ ನೋಡಿದವಳೂ ನಾನೇ. ಹಾಗಾಗಿ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಅವತ್ತು ನಿಜವಾಗಿ ಆದದ್ದೇನು ಎಂದು ಒಮ್ಮೆ ಬರೆದುಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮದು ಶಿರಸಿಯ ಒಂದು ಸಣ್ಣ ಸಂಸ್ಥೆ. ಹೊಳೆಗಳಲ್ಲಿ ಯಾವ ಕಾಲಕ್ಕೆ ಎಷ್ಟು ನೀರು ಹರಿಯುತ್ತದೆ ಎಂದು ಅಳೆಯುವುದು ಕೆಲಸ. ಸಿದ್ದಾಪುರದ ಕಡೆ ಅಘನಾಶಿನಿಯಲ್ಲಿ ಒಂದು ಅಳತೆ ಜಾಗ, ಯಲ್ಲಾಪುರ ತಾಲೂಕಿನಲ್ಲಿ ಮಂಚಿಕೇರಿಯಿಂದ ಕೆಳಗೆ ಬೇಡ್ತಿ ಹೊಳೆಯ ಕಣಿವೆಯಲ್ಲಿ ಇನ್ನೊಂದು. ಎರಡಕ್ಕೂ ನಾನೇ ಮೇಲ್ವಿಚಾರಕಿ. ಶಿರಸಿ ಹತ್ತಿರದ ಇಸಳೂರಿನಲ್ಲಿ ಬಾಡಿಗೆ ಮನೆ, ಓಡಾಡಲಿಕ್ಕೆ ಸಂಸ್ಥೆಯ ಹಳೇ ಬೈಕು. ಮಂಚಿಕೇರಿಯ ಜೀಪ್ ಸ್ಟ್ಯಾಂಡಿನವರು ನನಗೆ ‘ಬೈಕಮ್ಮ’ ಎಂದು ಹೆಸರಿಟ್ಟಿದ್ದರು, ಎದುರಿಗೇ ಕರೆಯುತ್ತಿದ್ದರು.

ಬೇಡ್ತಿಯ ಜಾಗ ಕಷ್ಟದ್ದು. ಜೀಪು ಹೋಗುವ ದಾರಿ ಮುಗಿದ ಮೇಲೆ ಕಾಲುದಾರಿ, ಅದೂ ನೆಟ್ಟಗೆ ಇಳಿಯುವ ದಾರಿ. ದಿನಾ ಬೆಳಿಗ್ಗೆ ಇಬ್ಬರು ಇಳಿದು, ಹೊಳೆಗೆ ಅಡ್ಡ ಕಟ್ಟಿದ ಹಗ್ಗ ಹಿಡಿದುಕೊಂಡು ನೀರಿನ ವೇಗ ಅಳೆದು, ಮತ್ತೆ ಹತ್ತಿ ಬರಬೇಕು. ಮೊಬೈಲು ಆಗ ಪೇಟೆ ಬಿಟ್ಟರೆ ಎಲ್ಲೂ ಕೆಲಸ ಮಾಡುತ್ತಿರಲಿಲ್ಲ. ಒಬ್ಬನಿಗೆ ಪೆಟ್ಟಾದರೆ ಇನ್ನೊಬ್ಬ ಮಂಚಿಕೇರಿಗೆ ಓಡಿ ಜನ ಕರೆದುಕೊಂಡು ಬರುವುದು ನಮ್ಮ ಹಳೇ ಕ್ರಮ. ನಮಗೆ ಹಣ ಕೊಡುವ ಹೊರದೇಶದವರಿಗೆ ಈ ಕ್ರಮ ಹಿಡಿಸಲಿಲ್ಲ. ಗಾಯಗೊಂಡವನನ್ನು ಒಂಟಿಯಾಗಿ ಬಿಟ್ಟು ಹೋಗುವುದು ತಪ್ಪು, ತುರ್ತು ಸಂಪರ್ಕದ ಸಾಧನ ಇಲ್ಲದೆ ಮಳೆಗಾಲದಲ್ಲಿ ಯಾರನ್ನೂ ಇಳಿಸಬೇಡಿ ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ನಿರ್ದೇಶಕರು ನನ್ನನ್ನು ಕರೆದರು. ಅವರೂ ನಾನೂ ಒಂದೇ ಸಮುದಾಯದವರು, ಹಾಗಾಗಿ ಆಫೀಸಿನಲ್ಲೂ ಮನೆಮಾತೇ. "ನಿಂಗೆ ಮೆಷಿನ್ ಹೇಳಿದ್ರೆ ಪ್ರೀತಿ ಅಲ್ದನೆ, ನೀನೇ ನೋಡಿ ಆರಿಸು," ಎಂದರು. ನನಗೆ ಹಿಗ್ಗೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊದಲು ಸ್ಯಾಟಲೈಟ್ ಫೋನ್ ಕೇಳಿ ನೋಡಿದೆವು. ಅದಕ್ಕೆ ಸರ್ಕಾರದ ಅಪ್ಪಣೆ ಸಿಗುವ ಹಾಗಿರಲಿಲ್ಲ. ಉಳಿದದ್ದು ಬೀಕನ್. ಅಂಗೈಯಗಲದ ಹಳದಿ ಪೆಟ್ಟಿಗೆ, ಮಾತಿಲ್ಲ ಕತೆಯಿಲ್ಲ. ಆಂಟೆನಾ ಬಿಡಿಸಿ ಗುಂಡಿ ಒತ್ತಿದರೆ ಉಪಗ್ರಹಕ್ಕೆ ಸಂಕೇತ ಹೋಗುತ್ತದೆ, ಯಾರೋ ಅಪಾಯದಲ್ಲಿದ್ದಾರೆ ಎಂದು ನೆಲದ ಮೇಲಿನ ಕೇಂದ್ರಕ್ಕೆ ತಿಳಿಯುತ್ತದೆ, ಅಷ್ಟೇ. ನಮ್ಮ ಭಾಗದ ಸಂಕೇತ ಹಿಡಿಯುವ ಕೇಂದ್ರ ಬೆಂಗಳೂರಿನಲ್ಲೇ ಇತ್ತು.

ಬೀಕನ್‌ನಲ್ಲೂ ಜಾತಿಗಳಿವೆ. ಹಳೇ ಜಾತಿಯದು ಒಂದು, ಅದರ ತರಂಗವನ್ನು ಕೇಳುವುದನ್ನೇ ಉಪಗ್ರಹಗಳು ಇನ್ನು ಕೆಲವೇ ವರ್ಷಗಳಲ್ಲಿ ನಿಲ್ಲಿಸಲಿದ್ದವು. ನಿರ್ದೇಶಕರ ನೆಂಟರೊಬ್ಬರು ಹೊರದೇಶದಿಂದ ಬರುವಾಗ ಅದನ್ನೇ ತಂದುಕೊಡಲು ತಯಾರಿದ್ದರು. ಕಿವುಡರ ಮುಂದೆ ಕೂಗಲಿಕ್ಕೆ ಅದು ಯಾಕೆ ಎಂದು ನಾನು ಹಟ ಹಿಡಿದೆ. ಹೊಸ ಜಾತಿಯಲ್ಲಿ ಮತ್ತೆ ಎರಡು: ಜಿಪಿಎಸ್ ಇಲ್ಲದ್ದು, ಇರುವುದು. ಇಲ್ಲದ್ದಾದರೆ ಸಂಕೇತ ಎಲ್ಲಿಂದ ಬಂತು ಎಂದು ತಿಳಿಯಲು ಉಪಗ್ರಹ ತಲೆಯ ಮೇಲೆ ಹಾದು ಹೋಗುವ ತನಕ ಕಾಯಬೇಕು, ಆಗಲೂ ಸಿಗುವುದು ಮೈಲುಗಟ್ಟಲೆ ಅಂದಾಜು. ಕಣಿವೆಯಲ್ಲಿ ಒಂದು ಮೈಲು ಆಚೆ ಎಂದರೆ ಬೇರೆ ಗುಡ್ಡ, ಬೇರೆ ಹಳ್ಳ. ಜಿಪಿಎಸ್ ಇದ್ದರೆ ಹತ್ತಿಪ್ಪತ್ತು ಮಾರಿನ ಒಳಗೆ ಜಾಗ ತಿಳಿಯುತ್ತದೆ.

ಆದರೆ ಜಿಪಿಎಸ್‌ಗೆ ಆಕಾಶ ಕಾಣಬೇಕು. ಕೈಯಲ್ಲಿ ಹಿಡಿಯುವ ಜಿಪಿಎಸ್ ಒಂದನ್ನು ತೆಗೆದುಕೊಂಡು ಕಣಿವೆಗೆ ಇಳಿದೆ. ಮರದ ಅಡಿಯಲ್ಲಿ ಅದು ಹುಡುಕುತ್ತಲೇ ಇತ್ತು, ಏನೂ ಸಿಗಲಿಲ್ಲ. ಹಗ್ಗ ಕಟ್ಟಿದ ಜಾಗದಲ್ಲಿ ಬಂಡೆಗೋಡೆ ಅರ್ಧ ಆಕಾಶವನ್ನು ನುಂಗಿತ್ತು. ಸ್ವಲ್ಪ ಕೆಳಗೆ ಹೊಳೆಯ ಅಂಚಿಗೆ ಒಂದು ಚಪ್ಪಟೆ ಬಂಡೆ, ನೆರೆ ಬಂದರೂ ಮುಳುಗದ್ದು. ಅದರ ಮೇಲೆ ಇಟ್ಟಾಗ ಚಹಾ ಕುಡಿಯುವಷ್ಟರಲ್ಲಿ ಜಾಗ ಹಿಡಿಯಿತು. ಆ ಬಂಡೆಗೆ ಬಿಳಿ ಬಣ್ಣ ಬಳಿಸಿದೆ. ಒತ್ತುವುದಾದರೆ ಇದರ ಮೇಲಿಟ್ಟೇ ಒತ್ತಬೇಕು ಎಂದು ಇಬ್ಬರಿಗೂ ತಾಕೀತು ಮಾಡಿದೆ.

ಆ ಇಬ್ಬರಲ್ಲಿ ಒಬ್ಬ ಸಿದ್ದಾಪುರದ ಬಿಳಗಿ ಕಡೆಯ ರೈತ ಕುಟುಂಬದವನು, ನಮ್ಮ ಹಿರಿಯ ಅಳತೆಗಾರ. ಇನ್ನೊಬ್ಬ ಮಂಚಿಕೇರಿಯವನೇ ಆದ ಅವನ ಜೊತೆಗಾರ. ಅಳತೆಗಾರ ಬಾಯಾಳಿ, ಯಾವುದನ್ನೂ ಒಂದೇ ಸಲಕ್ಕೆ ಒಪ್ಪುವವನಲ್ಲ. ನೋಡಲು ತರಿಸಿದ್ದ ಬೀಕನ್‌ಗಳನ್ನು ಅವನ ಮುಂದಿಟ್ಟು, ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿದೆ. ಎಡಗೈಗೆ ಸೋಪು ಹಚ್ಚಿದೆ.

"ಇದೆಂಥ ಮದುಮಗನ ಶಾಸ್ತ್ರನ್ರಾ?" ಎಂದ.

"ಕೈ ಮುರಿದಿದೆ ಅಂದುಕೊ. ಒಂದೇ ಕೈಯಲ್ಲಿ ತೆಗೆದು ಒತ್ತು."

ಒಂದು ಮಾದರಿಯ ಮುಚ್ಚಳ ತೆಗೆಯಲು ಎರಡೂ ಕೈ ಬೇಕಿತ್ತು, ಅವನು ಹಲ್ಲು ಹಾಕಿದ, ಆಗಲಿಲ್ಲ. ಅದನ್ನು ಬದಿಗಿಟ್ಟೆ. ಇನ್ನೊಂದರ ಆಂಟೆನಾ ಸೋಪಿನ ಕೈಯಿಂದ ಜಾರಿತು, ಅದೂ ಬೇಡವಾಯಿತು. ಕೊನೆಯದನ್ನು ಹೆಬ್ಬೆರಳಿನಿಂದಲೇ ಬಿಡಿಸಿದ. ನೀರಿಗೆ ಬಿಸಾಡಿದರೆ ತೇಲಿತು. ನಿಜವಾದ ಸಂಕೇತ ಕಳಿಸಿ ಪರೀಕ್ಷೆ ಮಾಡುವ ಹಾಗಿಲ್ಲ, ಸ್ವಂತ ಪರೀಕ್ಷೆಯ ಗುಂಡಿ ಒತ್ತಿದಾಗ ದೀಪ ಸರಿಯಾಗಿ ಮಿನುಗಿತು. ಅದನ್ನೇ ಆರಿಸಿದೆ.

ಅಳತೆಗಾರ ಕೈ ಒರೆಸಿಕೊಳ್ಳುತ್ತ ಕೇಳಿದ, "ಒತ್ತಿದ್ರೆ ಬೆಂಗ್ಳೂರಿಗೆ ಹೋಗ್ತದೆ ಅಂದ್ರಿ. ಅಲ್ಲಿಂದ ಅವ್ರು ಓಡಿ ಬರ್ತಾರನ್ರಾ?"

"ಅವರು ಫೋನ್ ಮಾಡ್ತಾರೆ."

"ಯಾರಿಗೆ?"

ನಾನೂ ಅಷ್ಟು ದಿನದಿಂದ ತಲೆ ಕೆಡಿಸಿಕೊಂಡದ್ದು ಅದರ ಬಗ್ಗೆಯೇ. ಬೀಕನ್ ನೋಂದಾಯಿಸುವಾಗ ತುರ್ತಿಗೆ ಯಾರನ್ನು ಕೇಳಬೇಕು ಎಂದು ಎರಡು ಫೋನ್ ನಂಬರು ಕೊಡಬೇಕು. ಬರುವ ಸಂಕೇತಗಳಲ್ಲಿ ಹೆಚ್ಚಿನವು ಯಾರೋ ಕೈತಪ್ಪಿ ಒತ್ತಿದವು. ಹಾಗಾಗಿ ಕೇಂದ್ರದವರು ಮೊದಲು ಆ ನಂಬರಿಗೆ ಫೋನ್ ಮಾಡಿ ನಿಮ್ಮವರು ನಿಜಕ್ಕೂ ಅಲ್ಲಿದ್ದಾರಾ ಎಂದು ವಿಚಾರಿಸುತ್ತಾರೆ. ಆ ಫೋನ್ ಎತ್ತುವವರ ಮೇಲೆ ಮುಂದಿನದೆಲ್ಲ ನಿಂತಿದೆ. ಉಪಗ್ರಹ, ಆಂಟೆನಾ, ಬಿಳಿ ಬಂಡೆ ಎಲ್ಲ ಆಮೇಲಿನ ಮಾತು.

ನನ್ನ ಮನಸ್ಸಿನಲ್ಲಿದ್ದದ್ದು ಮಂಚಿಕೇರಿಯ ಎಸ್‌ಟಿಡಿ ಬೂತಿನ ನಂಬರು. ಬೂತಿನ ಅಕ್ಕ ಬೆಳಿಗ್ಗೆ ಬಾಗಿಲು ತೆರೆದರೆ ಕತ್ತಲಾಗುವ ತನಕ ಫೋನಿನ ಎದುರಿಗೇ ಕೂರುವವಳು. ಎದುರಿಗೇ ಜೀಪ್ ಸ್ಟ್ಯಾಂಡು. ಕಣಿವೆಯ ದಾರಿ ಗೊತ್ತಿರುವವರು ಅಲ್ಲೇ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಾರೆ. ಕೇಳಿದಾಗ, "ಬರೀರಿ, ಅದಕ್ಕೆಂತ ಕೇಳೂದು," ಎಂದಿದ್ದಳು.

ನಿರ್ದೇಶಕರು ಮೂಗು ಮುರಿದರು. "ಬೂತಿನ ಹೆಂಗಸಿನ ನಂಬರು ಕೊಡುದನೆ? ಸಂಸ್ಥೆ ಮರ್ಯಾದೆ ಎಂತ ಆಗ್ತು?"

"ಅಲ್ಲೇ ಜೀಪ್ ನಿಲ್ತು. ನಿಮ್ಮನೆಗೆ ಫೋನ್ ಬಂದ್ರೂ ನೀವು ಮಂಚಿಕೇರಿಗೇ ಫೋನ್ ಮಾಡವು, ಅಲ್ದ?"

"ಮಾಡ್ತೆ. ಅದು ಎನ್ನ ಕೆಲಸ. ಆನು ಮುಖ್ಯಸ್ಥ. ಎನ್ನ ಕೇಳದ್ದೆ ಯಾರೂ ಎಲ್ಲಿಗೂ ಜನ ಕಳಿಸ್ಲಾಗ."

"ಎರಡು ನಂಬರು ಕೊಡಲಾಗ್ತು. ಒಂದು ನಿಮ್ದು, ಒಂದು ಬೂತಿಂದು ಇರ್ಲಿ."

"ಮಳೆಲಿ ಮಂಚಿಕೇರಿ ಲೈನು ಇರ್ತಿಲ್ಲೆ ತಂಗಿ, ನಿಂಗೆ ಗೊತ್ತಿದ್ದು," ಎಂದು ನಗುತ್ತ ಆಫೀಸಿನ ನಂಬರು, ಕೆಳಗೆ ಮನೆಯ ನಂಬರು ಬರೆದರು. ಎರಡೂ ಅವರವೇ. ಹೊಳೆಗೆ ಭಾನುವಾರದ ರಜೆ ಇಲ್ಲ, ಆಫೀಸಿಗೆ ಇದೆ ಎಂದೆ. ಭಾನುವಾರ ತಾನು ಮನೆಯಲ್ಲೇ ಇರುವುದಾಗಿ ಹೇಳಿದರು. ಆ ಮಾತನ್ನು ಅವರು ಉಳಿಸಿಕೊಂಡರು, ಅದೇ ಇದರಲ್ಲಿನ ತಮಾಷೆ.

ಮಳೆಗಾಲ ಮುಗಿಯುತ್ತ ಬಂದ ಒಂದು ಭಾನುವಾರ. ನಾನು ಸಿದ್ದಾಪುರದ ಕಡೆಯ ಅಳತೆ ಜಾಗದಲ್ಲಿದ್ದೆ. ಬೇಡ್ತಿಯಲ್ಲಿ ನೀರು ಇಳಿದಿತ್ತು. ನೆರೆಯಲ್ಲಿ ಬಂದು ಹಗ್ಗದ ಹತ್ತಿರ ಸಿಕ್ಕಿಕೊಂಡಿದ್ದ ದೊಡ್ಡ ಮರದ ದಿಮ್ಮಿ ಬೆಳಿಗ್ಗೆ ಒಮ್ಮೆಲೇ ಕಳಚಿ, ಅಳತೆಗಾರನ ಕಾಲನ್ನು ಬಂಡೆಗೆ ಒತ್ತಿ ಹಾಕಿತು. ಮೊಣಕಾಲಿನ ಕೆಳಗೆ ಎಲುಬು ಮುರಿದು ಹೊರಗೆ ಬಂದಿತ್ತು. ಜೊತೆಗಾರ ಅವನನ್ನು ಎಳೆದು ದಡಕ್ಕೆ ಹಾಕಿ, ಟವೆಲಿನಿಂದ ಕಾಲು ಬಿಗಿದು, ಬಿಳಿ ಬಂಡೆಗೆ ಓಡಿ ಬೀಕನ್ ಒತ್ತಿದ. ದೀಪ ಮಿನುಗತೊಡಗಿತು. ಎಲ್ಲ ನಾನು ಹೇಳಿಕೊಟ್ಟ ಹಾಗೇ ಮಾಡಿದ, ಒಂದೂ ತಪ್ಪಲಿಲ್ಲ.

ಆಮೇಲೆ ಅವನು ಅಳತೆಗಾರನ ಹತ್ತಿರ ಬಂದು ಅಲ್ಲೇ ಕೂತ. ಒತ್ತಿದ ಮೇಲೆ ಜಾಗ ಬಿಡಬೇಡಿ ಎಂದು ಪೆಟ್ಟಿಗೆಯ ಮೇಲೇ ಅಚ್ಚಾಗಿದೆ, ನಾನೂ ಅದನ್ನೇ ಬಾಯಿಪಾಠ ಮಾಡಿಸಿದ್ದೆ. ರಕ್ತ ಸುರಿಯುವವನನ್ನು ಒಂಟಿಯಾಗಿ ಬಿಡುವುದಕ್ಕಿಂತ ಅವನ ಹತ್ತಿರ ಕೂತು ಗಾಯ ಒತ್ತಿ ಹಿಡಿಯುವುದು ಲೇಸು. ಪ್ರಪಂಚದ ಎಲ್ಲ ಕಡೆಯೂ ಇದೇ ನಿಯಮ. ಸರಿಯಾದ ನಿಯಮ.

"ದೀಪ ಮಿನುಕ್ತಾ ಇತ್ತು," ಎಂದು ಅವನು ಆಮೇಲೆ ಹೇಳಿದ. "ಈಗ ಬರ್ತಾರೆ, ಈಗ ಬರ್ತಾರೆ ಅಂತ ಮೇಲೇ ನೋಡ್ತಾ ಇದ್ದೆ. ಕಡೆಗೆ ನೋಡ್ಲಿಕ್ಕೂ ಹೆದ್ರಿಕೆ ಆಯ್ತು."

ಹಳೇ ಕ್ರಮದಂತೆ ಓಡಿದ್ದರೆ ಊಟದ ಹೊತ್ತಿನ ಒಳಗೆ ಮಂಚಿಕೇರಿಯ ಜನ ಕಣಿವೆಯಲ್ಲಿರುತ್ತಿದ್ದರು. ಅವನ ಊರದು, ಅವನು ಕಣ್ಣು ಮುಚ್ಚಿ ಹತ್ತುವ ದಾರಿ. ಆದರೆ ಜನ ಬಂದದ್ದು ಹೊತ್ತು ಇಳಿಯುವಾಗ. ಯಲ್ಲಾಪುರದಿಂದ ಬಂದ ಪೊಲೀಸ್ ಜೀಪು ದಾರಿ ಕೇಳಲು ನಿಂತದ್ದು, ನೋಡಿ, ಆ ಬೂತಿನ ಎದುರಿಗೇ. ಬೂತಿನ ಅಕ್ಕ ಫೋನನ್ನು ಹಾಗೇ ಬಿಟ್ಟು ಹೊರಗೆ ಬಂದು ಜೀಪ್ ಸ್ಟ್ಯಾಂಡಿನವರನ್ನೆಲ್ಲ ಎಬ್ಬಿಸಿದಳಂತೆ. ಪೊಲೀಸರಿಗಿಂತ ಮೊದಲು ಅವರೇ ಇಳಿದು, ಕಂಬಳಿಗೆ ಬಿದಿರು ಕಟ್ಟಿ, ಅವನನ್ನು ಹೊತ್ತು ತಂದರು. ಅವಳು ನನ್ನ ಹತ್ತಿರ ಒಂದೇ ಮಾತು ಕೇಳಿದಳು. "ಬೆಳಿಗ್ಗೆಯಿಂದ ಇಲ್ಲೇ ಕೂತಿದ್ನಲ್ರಾ. ನಮ್ಗೊಂದು ಫೋನು ಯಾಕೆ ಬರ್ಲಿಲ್ಲ?"

ಹುಬ್ಬಳ್ಳಿ ಆಸ್ಪತ್ರೆಗೆ ನಾನು ಮುಟ್ಟುವಾಗ ಅವನನ್ನು ಒಳಗೆ ಒಯ್ದಾಗಿತ್ತು. ಡಾಕ್ಟರು ಹೊರಗೆ ಬಂದು ನನ್ನನ್ನೇ ಹಿಡಿದುಕೊಂಡರು. "ಇಷ್ಟ್ ತಡಾ ಯಾಕ ಮಾಡಿದ್ರಿ? ಮುಂಜಾನೆ ಆಗಿದ್ದು ಅಂತೀರಿ. ಮಧ್ಯಾಹ್ನಕ್ಕ ತಂದಿದ್ರ ಕಾಲ ಉಳಸ್ತಿದ್ವಿ." ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು, ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಮರುದಿನ ಬೆಂಗಳೂರಿನ ಕೇಂದ್ರಕ್ಕೆ ಫೋನ್ ಮಾಡಿದೆ. ಪೆಟ್ಟಿಗೆಯೇ ಕೈಕೊಟ್ಟಿತಾ ಎಂದು ಮೊದಲು ಕೇಳಿದೆ. ಅಲ್ಲಿನ ಅಧಿಕಾರಿ ತಾಳ್ಮೆಯ ಮನುಷ್ಯ. "ಇಲ್ಲ ಮೇಡಂ, ಸಿಗ್ನಲ್ ಕೂಡಲೇ ಬಂತು, ಜಾಗಾನೂ ಸರಿಯಾಗಿ ಗೊತ್ತಾಯ್ತು. ಆಫೀಸ್ ನಂಬರ್ ಯಾರೂ ಎತ್ತಲಿಲ್ಲ. ಮನೆ ನಂಬರ್ ತುಂಬ ಸಲ ರಿಂಗ್ ಆಯ್ತು, ಆಮೇಲೆ ಒಂದೇ ಸಮ ಎಂಗೇಜ್. ಎಂಗೇಜ್ ಅಂದ್ರೆ ಯಾರೋ ಮನೇಲಿದ್ದಾರೆ ಅಂತ ತಾನೇ? ಸುದ್ದಿ ಹೇಗೋ ಮುಟ್ಟಿ, ನಿಮ್ಮವರೇ ಜನ ಕಳಿಸೋ ಗಡಿಬಿಡಿಯಲ್ಲಿರಬೇಕು ಅಂದ್ಕೊಂಡ್ವಿ. ಬಹಳ ಹೊತ್ತಾದ ಮೇಲೆ ಅನುಮಾನ ಬಂದು ಪೊಲೀಸರಿಗೆ ತಿಳಿಸಿದ್ವಿ."

ನೆಟ್ಟಗೆ ನಿರ್ದೇಶಕರ ಮನೆಗೆ ಹೋದೆ. ಅವರು ಇರಲಿಲ್ಲ. ಅವರ ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದರು. ಹತ್ತಿರದಲ್ಲೇ ಸ್ಟೂಲಿನ ಮೇಲೆ ಕಸೂತಿ ಬಟ್ಟೆ ಹೊದ್ದ ಫೋನು. ನಿನ್ನೆ ಮನೆಯಲ್ಲಿ ಯಾರೂ ಇರಲಿಲ್ಲವೇ ಎಂದು ಕೇಳಿದೆ.

"ಅಯ್ಯೋ, ಎಲ್ಲ ಇದ್ದಿದ್ಯ. ನಿನ್ನೆ ಅಣ್ಣನ ತಿಥಿ ಅಲ್ದನೆ."

ಅಣ್ಣ ಎಂದರೆ ನಿರ್ದೇಶಕರ ತಂದೆ. ತಿಥಿ ಎಂದ ಕೂಡಲೇ ನನಗೆ ಅರ್ಧ ಅರ್ಥವಾಯಿತು. ಭಟ್ಟರು, ಕರ್ತೃ, ಅಡುಗೆಯವರು, ಮನೆಯವರು ಎಲ್ಲ ಮಿಂದು ಮಡಿಯಲ್ಲಿ. ಮೈಲಿಗೆ ತಾಗಿಸಿಯಾರು ಎಂದು ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿರುತ್ತಾರೆ. ಊರವರೆಲ್ಲ ಮುಟ್ಟುವ ಫೋನನ್ನು ಮಡಿಯಲ್ಲಿದ್ದವರು ಮುಟ್ಟುವ ಹಾಗಿಲ್ಲ.

"ಫೋನು ಬಂತಾ ಚಿಕ್ಕಯ್ಯ?"

"ಬಂತು. ಬಡ್ಕತ್ತೇ ಇತ್ತು ಮಾರಾಯ್ತಿ, ಮಂತ್ರ ಒಂದೂ ಕೇಳ್ತಿಲ್ಲೆ. ಮಡಿಯಲ್ಲಿ ಮುಟ್ಲಾಗ ಹೇಳಿ, ಒಂದ್ಸಲ ನಿಂತ ಕೂಡ್ಲೇ ಆನು ಕೋಲಲ್ಲಿ ಎತ್ತಿ ಕೆಳಗೆ ಹಾಕಿದೆ. ಆಮೇಲೆ ಸುಮ್ಮನಾತು ನೋಡು."

ಗೋಡೆಗೆ ಒರಗಿಸಿದ್ದ ಊರುಗೋಲನ್ನು ಎತ್ತಿ, ರಿಸೀವರನ್ನು ಹೇಗೆ ತಳ್ಳಿದ್ದು ಎಂದು ಮಾಡಿಯೂ ತೋರಿಸಿದರು. ಆ ಮುದುಕರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರಿಗೆ ಬೀಕನ್ ಗೊತ್ತಿಲ್ಲ, ಕಣಿವೆ ಗೊತ್ತಿಲ್ಲ. ಆದರೆ ಒಳಗೆ ಎಡೆಯ ಮುಂದೆ ಕೂತು ಆ ರಿಂಗು ಕೇಳಿಸಿಕೊಂಡ ಇನ್ನೊಬ್ಬರಿಗೆ ಎಲ್ಲ ಗೊತ್ತಿತ್ತು. ಭಾನುವಾರ ಇಬ್ಬರು ಕೆಳಗಿಳಿದಿದ್ದಾರೆ, ಫೋನು ಬರುವುದಾದರೆ ಇಲ್ಲಿಗೇ ಬರುವುದು ಎಂದು ಗೊತ್ತಿದ್ದ ಒಬ್ಬರೇ ಮನುಷ್ಯ.

ಮಡಿ ನನಗೇನು ಹೊಸದಲ್ಲ. ನಮ್ಮ ಮನೆಯಲ್ಲಿ ಒಮ್ಮೆ ತಿಥಿಯ ದಿನವೇ ಕರು ಬಾವಿಗೆ ಬಿತ್ತು. ಅಜ್ಜಿ ಒಲೆಯ ಮೇಲಿನ ಪಾಯಸವನ್ನು ಹಾಗೇ ಬಿಟ್ಟು, ಮಡಿಸೀರೆಯಲ್ಲೇ ಓಡಿ, ಯಾರು ಯಾರದೋ ಕೈಯ ಜೊತೆ ಹಗ್ಗ ಎಳೆದಳು. ಆಮೇಲೆ ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡು ಮತ್ತೆ ಒಲೆಯ ಮುಂದೆ ಕೂತಳು. ಭಟ್ಟರು ಚಕಾರ ಎತ್ತಲಿಲ್ಲ. ಮಡಿ ಎಂದರೆ ಅಷ್ಟೇ, ಕೆಟ್ಟರೆ ಮತ್ತೆ ಮೀಯುವುದು.

ನಿರ್ದೇಶಕರು ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ನಾನು ಹಾಸಿಗೆಯ ಆಚೆ ಬದಿಯಲ್ಲಿ ನಿಂತಿದ್ದೆ. ಬೀಕನ್ ಯಾಕೋ ಸರಿಯಾಗಿ ಕೆಲಸ ಮಾಡಲಿಲ್ಲ ಎಂದು ಶುರು ಮಾಡಿದರು. ನಾನು ಬೆಂಗಳೂರಿನವರು ಹೇಳಿದ್ದನ್ನೂ ಚಿಕ್ಕಪ್ಪ ಹೇಳಿದ್ದನ್ನೂ ಅಲ್ಲೇ, ಅಳತೆಗಾರನ ಎದುರಿಗೇ ಹೇಳಿದೆ. ಅವರ ಮುಖ ಕೆಂಪಾಯಿತು. "ಎಲ್ಲ ಮಡಿಯಲ್ಲಿದ್ದೆವು. ಯಾರೂ ಮುಟ್ಟುವ ಹಾಗಿರಲಿಲ್ಲ," ಎಂದು ಅವನ ಕಡೆ ತಿರುಗಿ ಹೇಳಿದರು.

ಅವನು ಹೊದಿಕೆ ಚಪ್ಪಟೆಯಾಗಿದ್ದ ಜಾಗವನ್ನು ನೋಡುತ್ತಿದ್ದ. ಅಷ್ಟು ಬಾಯಾಳಿ, ಆಗ ಮೆಲ್ಲಗೆ ಮಾತಾಡಿದ. "ಮುಟ್ಟಿ, ಇನ್ನೊಂದ್ ಸಲ ಮಿಂದಿದ್ರೆ ಆಗ್ತಿತ್ತಲ್ರಾ."

ನಿರ್ದೇಶಕರು ಹಣ್ಣನ್ನು ಕಿಟಕಿಯಲ್ಲಿಟ್ಟು ಹೋದರು.

ಮುಂದಿನದು ಇನ್ನೂ ಹೇಸಿಗೆ. ಹೊರದೇಶದವರಿಗೆ ಹೋದ ವರದಿಯಲ್ಲಿ, ಸಂಸ್ಥೆಯ ಮುಂದಾಲೋಚನೆಯಿಂದ ಉಪಗ್ರಹದ ಮೂಲಕ ಒಂದು ಜೀವ ಉಳಿಯಿತು ಎಂದಿತ್ತು. ಜೊತೆಗೆ ನಿರ್ದೇಶಕರು ಹಳದಿ ಪೆಟ್ಟಿಗೆ ಹಿಡಿದುಕೊಂಡ ಫೋಟೋ. ಶಿರಸಿಯಲ್ಲಿ ಕೇಳಿದವರಿಗೆ ಮಾತ್ರ ಪೆಟ್ಟಿಗೆ ಕೆಟ್ಟಿತ್ತು, ಫೋನೇ ಬರಲಿಲ್ಲ ಎಂಬ ಕತೆ. ಒಂದೇ ಬಾಯಿ, ಎರಡು ನಾಲಿಗೆ. ಊರಿನವರು ಆಂಗ್ಲ ವರದಿ ಓದುವುದಿಲ್ಲ, ಆ ಕಡೆಯವರು ಶಿರಸಿಯ ಹೋಟೆಲಿನಲ್ಲಿ ಚಹಾ ಕುಡಿಯುವುದಿಲ್ಲ, ಹಾಗಾಗಿ ಎರಡೂ ನಡೆದವು.

ನಂಬರು ಬದಲಾಗದೆ ಕಣಿವೆಗೆ ಯಾರನ್ನೂ ಇಳಿಸುವುದಿಲ್ಲ ಎಂದು ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. ಬದಲಾಯಿಸಿದರು. ಮನೆಯ ನಂಬರು ತೆಗೆದು, ಹೊಸದಾಗಿ ಕೊಂಡ ತಮ್ಮ ಮೊಬೈಲ್ ನಂಬರು ಹಾಕಿದರು. ಶಿರಸಿ ಪೇಟೆ ದಾಟಿದರೆ ಆ ಮೊಬೈಲು ಸತ್ತ ಹಾಗೆ. ಬೂತಿನ ನಂಬರು ಯಾಕಿಲ್ಲ ಎಂದರೆ ಮತ್ತದೇ ಮರ್ಯಾದೆಯ ಮಾತು. ಅವತ್ತೇ ಬೈಕಿನ ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟು, ಬಸ್ಸು ಹಿಡಿದು ಇಸಳೂರಿಗೆ ಬಂದೆ. ಕೆಲಸ ಬಿಡುವಾಗ ನನ್ನನ್ನು ಯಾರೂ ತಡೆಯಲಿಲ್ಲ.

ಕೆಲವು ತಿಂಗಳ ಮೇಲೆ ಬಿಳಗಿಗೆ ಹೋಗಿ ಅಳತೆಗಾರನನ್ನು ನೋಡಿದೆ. ಕಂಕುಳಿಗೆ ಕೋಲು ಕೊಟ್ಟುಕೊಂಡು ಗದ್ದೆಯ ಅಂಚಿನಲ್ಲಿ ನಿಂತು, ಹೆಂಡತಿ ಸಸಿ ನೆಡುವುದರಲ್ಲಿ ತಪ್ಪು ಹುಡುಕುತ್ತಿದ್ದ. ನನ್ನನ್ನು ಕಂಡು ನಕ್ಕ. ಹೊರಡುವಾಗ ಕೇಳಿದ, "ಅವ್ನು ಈಗ್ಲೂ ಇಳೀತಾನನ್ರಾ?" ಜೊತೆಗಾರನ ಬಗ್ಗೆ.

"ಇಳೀತಾನೆ. ಹೊಸಬನೊಬ್ಬನ ಜೊತೆ."

"ನಂಬ್ರ?"

ಹೇಳಿದೆ. ಈಗಲೂ ಎರಡೂ ನಿರ್ದೇಶಕರವೇ. ಅವನೆಂದ, "ಹಂಗಾರೆ ಅವ್ನಿಗೆ ನೀವೇ ಹೋಗಿ ಹೇಳ್ರಾ. ನಾ ಹೇಳಿದ್ರೆ ಕೇಳೂದಿಲ್ಲ. ಮೇಡಂ ಹೇಳ್ಕೊಟ್ಟದ್ದೇ ಸರಿ ಅಂತಾನೆ."

ಮರುದಿನ ಬಸ್ಸಿನಲ್ಲಿ ಮಂಚಿಕೇರಿಗೆ ಹೋದೆ. ಜೊತೆಗಾರ ಬೂತಿನ ಎದುರಿಗೆ ಸಿಕ್ಕಿದ, ಚೀಲದಲ್ಲಿ ಹಳದಿ ಪೆಟ್ಟಿಗೆ ಇತ್ತು. ಅದನ್ನು ಕೈಗೆ ತೆಗೆದುಕೊಂಡು ಸ್ವಂತ ಪರೀಕ್ಷೆಯ ಗುಂಡಿ ಒತ್ತಿದೆ. ದೀಪ ಮಿನುಗಿತು. ಅಷ್ಟು ಹುಡುಕಿ, ಅಷ್ಟು ಜಗಳವಾಡಿ ಆರಿಸಿದ ಪೆಟ್ಟಿಗೆ, ಒಂದು ಗೀರೂ ಇಲ್ಲ.

"ಬಿಳಿ ಬಂಡೆ ಮೇಲಿಟ್ಟು ಒತ್ತು," ಎಂದೆ. "ಒತ್ತಿದ ಮೇಲೆ ಅಲ್ಲಿ ಕೂರಬೇಡ. ಗಾಯ ಬಿಗಿದು ಕಟ್ಟು, ಪೆಟ್ಟಾದವನನ್ನು ಅಲ್ಲೇ ಬಿಟ್ಟು ಇಲ್ಲಿಗೆ, ಬೂತಿಗೆ ಓಡು."

ಅವನು ಪೆಟ್ಟಿಗೆಯ ಮೇಲಿನ ಅಚ್ಚನ್ನು ನೋಡಿದ, ನನ್ನನ್ನು ನೋಡಿದ. "ಬಿಟ್ಟು ಹೋಗ್ಬಾರ್ದು ಅಂತ ನೀವೇ ಹೇಳಿದ್ರಲ್ರಾ?"

"ಹೌದು," ಎಂದೆ. "ಈಗ ಓಡು ಅಂತ ಹೇಳ್ತಿದ್ದೇನೆ."